ನೂರು ಒಗೆತಕ್ಕೂ ಹೋಗದ ಜ್ವರ

ಇಸ್ತ್ರಿ ಅಜ್ಜಿಯ ಅಳಲು ಇಷ್ಟೇ: ಮೊಮ್ಮಗಳಿಗಾಗಿ ಅವಳು ಡಾಕ್ಟರ ಹತ್ತಿರ ಓಡಿದ್ದು ಮೂರು ಸಲ, ಮನೆಯವರು ಅದನ್ನು ಹೇಳಿಕೊಂಡು ನಕ್ಕಿದ್ದು ಮುನ್ನೂರು ಸಲ.

ಮೊದಲನೆಯ ಸಲ ಬಿಕ್ಕಳಿಕೆ. ಒಂದಲ್ಲ, ಎರಡಲ್ಲ, ಹದಿನೇಳು ಬಿಕ್ಕಳಿಕೆಗಳನ್ನು ಅಜ್ಜಿ ಬೆರಳು ಮಡಿಸಿ ಎಣಿಸಿದಳು. ಹದಿನೆಂಟನೆಯದಕ್ಕೆ ಕಾಯದೆ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು. ಕ್ಲಿನಿಕ್ಕಿನ ಹೊಸ್ತಿಲು ದಾಟುತ್ತಿದ್ದ ಹಾಗೇ ಆ ದರಿದ್ರ ಬಿಕ್ಕಳಿಕೆ ಮಂಗಮಾಯ. ಎರಡನೆಯ ಸಲ ಕೆನ್ನೆಯ ತುಂಬ ಕೆಂಪು ಬೊಕ್ಕೆ. ಡಾಕ್ಟರಮ್ಮ ಒದ್ದೆ ಹತ್ತಿಯಲ್ಲಿ ಒರೆಸಿದರೆ ಬೊಕ್ಕೆಗಳೆಲ್ಲ ಎದ್ದು ಹತ್ತಿಗೆ ಬಂದವು (ಸ್ಕೆಚ್ ಪೆನ್ನು). ಮೂರನೆಯ ಸಲವಂತೂ ಹೊಟ್ಟೆಯಲ್ಲಿ ಗಡ್ಡೆ. ಅಜ್ಜಿ ದಾರಿಯುದ್ದಕ್ಕೂ ಅಳುತ್ತಲೇ ಹೋದಳು. ಡಾಕ್ಟರಮ್ಮ ಫ್ರಾಕು ಎತ್ತಿ ನೋಡಿದರೆ, ಚಡ್ಡಿಯ ಎಲಾಸ್ಟಿಕ್ಕಿಗೆ ಸಿಕ್ಕಿಸಿಟ್ಟ ನಾಲ್ಕು ಬಟ್ಟೆ ಕ್ಲಿಪ್ಪುಗಳು.

"ಬಚ್ಚಿಟ್ಟಿದ್ದೆ. ಅಜ್ಜಿ ಹಾಳು ಮಾಡ್ತಾಳೆ," ಎಂದಳು ಮೊಮ್ಮಗಳು, ಡಾಕ್ಟರಮ್ಮನಿಗೆ ಚಾಡಿ ಹೇಳುವ ದನಿಯಲ್ಲಿ.

ಬಸ್ಸು ಓಡಿಸುವ ಮಗ ಅಂದೇ ತಾಯಿಗೆ "ಗಾಬರಿ ಇಲಾಖೆ" ಎಂದು ಹೆಸರಿಟ್ಟ.

"ಅಮ್ಮಾ, ನನ್ನ ಬಸ್ಸಿಗೆ ಇಪ್ಪತ್ತು ವರ್ಷ ವಯಸ್ಸಾಯ್ತು. ಅದು ಕೂಡ ಇಷ್ಟು ಸಲ ಗ್ಯಾರೇಜಿಗೆ ಹೋಗಿಲ್ಲ."

"ನಿನ್ನ ಬಸ್ಸಿಗೆ ಅಜ್ಜಿ ಇಲ್ಲವಲ್ಲೋ, ಅದಕ್ಕೇ ಹಂಗೆ ಕೆಮ್ಮಿಕೊಂಡು ತಿರುಗ್ತಾ ಇದೆ," ಎಂದು ಅಜ್ಜಿ ಮಾತಿಗೆ ಮಾತು ಕೊಟ್ಟಳಾದರೂ ಅವಳಿಗೆ ಒಳಗೊಳಗೇ ಅವಮಾನವಾಯಿತು.

ನಗದೇ ಇದ್ದವರು ಡಾಕ್ಟರಮ್ಮ ಒಬ್ಬರೇ. (ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು, ಅಷ್ಟೇ.) ಕ್ಲಿಪ್ಪುಗಳನ್ನು ಅಜ್ಜಿಯ ಕೈಗೆ ಕೊಟ್ಟು ಹೇಳಿದರು: "ನೋಡಿ ಅಜ್ಜಿ, ಬರಬೇಡಿ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಬರುವಾಗ ಭಯ ಒಂದನ್ನೇ ಹೊತ್ಕೊಂಡು ಬರಬೇಡಿ, ಲೆಕ್ಕಾನೂ ತನ್ನಿ. ಜ್ವರ ಗಿರ ಬಂತು ಅಂತಿಟ್ಕೊಳ್ಳಿ. ಮೂರು ತಿಂಗಳೊಳಗಿನ ಕೂಸಾದ್ರೆ ತಕ್ಷಣ ಬರಬೇಕು, ಮಾತೇ ಇಲ್ಲ. ಇವಳಷ್ಟು ದೊಡ್ಡವಳಾದ್ರೆ ಅಂಕಿ ನೋಡಿ ಹೆದರಬೇಡಿ, ಮಗೂನ ನೋಡಿ. ಆಡ್ತಿದ್ಯಾ, ಕುಡೀತಿದ್ಯಾ, ಉಚ್ಚೆ ಹೊಯ್ತಿದ್ಯಾ? ಎಷ್ಟು ಹೊತ್ತಿಗೆ ಎಷ್ಟು ಜ್ವರ, ಯಾವಾಗ ಔಷಧಿ ಕೊಟ್ರಿ? ಇಷ್ಟು ಬರೆದಿಟ್ಕೊಳ್ಳಿ. ಉಸಿರಿಗೆ ಕಷ್ಟಪಟ್ರೆ, ಫಿಟ್ಸ್ ಬಂದ್ರೆ, ಎಬ್ಬಿಸಿದ್ರೂ ಮಂಪರಲ್ಲೇ ಇದ್ರೆ, ಆಗ ಲೆಕ್ಕಾನೂ ಬೇಡ, ಪಕ್ಕಾನೂ ಬೇಡ, ಓಡಿ ಬನ್ನಿ."

ಅಜ್ಜಿ ಅಂದೇ ಮನಸ್ಸಿನಲ್ಲಿ ಘೋರ ಪ್ರತಿಜ್ಞೆ ಮಾಡಿದಳು. ಇನ್ನು ಮುಂದೆ ಹೋದರೆ ಲೆಕ್ಕದ ಸಮೇತವೇ ಹೋಗುವುದು. ಇಲ್ಲವಾದರೆ ಹೋಗುವುದೇ ಇಲ್ಲ.

ಬರೆದಿಟ್ಟುಕೊಳ್ಳಿ ಅಂದರೇನೋ ಸರಿ, ಬರೆಯುವುದು ಹೇಗೆ? ಅಜ್ಜಿ ಶಾಲೆಗೆ ಹೋಗಿದ್ದು ಎರಡು ಮಳೆಗಾಲ. ಅಂಕಿಗಳು ಬಂದವು, ಅಕ್ಷರಗಳು ಅರ್ಧ ದಾರಿಯಲ್ಲೇ ನಿಂತವು. ಆದರೆ ಅವಳ ಹತ್ತಿರ ಬೇರೊಂದು ವಿದ್ಯೆ ಇತ್ತು. ಮನೆಯ ಮುಂದಿನ ಕೋಣೆಯೇ ಅವಳ ಇಸ್ತ್ರಿ ಅಂಗಡಿ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕಸುಬು. ಯಾರ ಮನೆಯ ಅಂಗಿ ಯಾರ ಮನೆಗೆ ಹೋಗಬೇಕೆಂದು ತಿಳಿಯಲು ಅವಳ ಗಂಡ ಬದುಕಿದ್ದಾಗ ಒಂದು ಲಿಪಿಯನ್ನೇ ಕಂಡುಹಿಡಿದಿದ್ದ. ವಕೀಲರ ಮನೆಗೆ ಮೂರು ಚುಕ್ಕೆ, ಡಾಕ್ಟರಮ್ಮನ ಮನೆಗೆ ಒಂದು ಸುನ್ನೆಯೊಳಗೆ ಗೀಟು, ಮೂಲೆಮನೆ ಮೇಷ್ಟರಿಗೆ ಕಾಗೆಕಾಲು. ಹೀಗೆ ನೂರಾರು ಗುರುತುಗಳನ್ನು ಕಾಲರಿನ ಒಳಗೆ ಕಪ್ಪು ಮಸಿಯಲ್ಲಿ ಹಾಕುತ್ತಿದ್ದರು. ಆ ಮಸಿಯನ್ನು ಅವನೇ ಕಾಯಿಸುತ್ತಿದ್ದ. "ನಮ್ಮ ಗುರುತು ನೂರು ಒಗೆತಕ್ಕೂ ಹೋಗೋದಿಲ್ಲ" ಎಂದು ಗಿರಾಕಿಗಳಿಗೆ ಎದೆ ತಟ್ಟಿ ಹೇಳುತ್ತಿದ್ದ. ಅವನು ಹೋದ. ಮಸಿ ಮಾತ್ರ ಇನ್ನೂ ಯಾವ ಬಟ್ಟೆಯಿಂದಲೂ ಹೋಗಿಲ್ಲ.

ಯಜಮಾನರು ಹೋದ ಮೇಲೆ ಅಂಗಡಿಯ ಗದ್ದುಗೆ ಕೆಲಕಾಲ ಬರಿದಾಗಿತ್ತು. ಈಗ ಮೂರೂವರೆ ವರ್ಷದ ಮೊಮ್ಮಗಳು ಅಲ್ಲಿ ಕೂತಿದ್ದಾಳೆ. ಬೀದಿಯವರೆಲ್ಲ ಅವಳನ್ನು "ಯಜಮಾನಿ" ಎಂದೇ ಕರೆಯುವುದು. ಅಜ್ಜಿಯ ಕನ್ನಡಕವನ್ನು ಕಿತ್ತುಕೊಂಡು ತನ್ನ ಮೂಗಿಗೇರಿಸಿ, ಮುಗಿದ ಪ್ರತಿಯೊಂದು ಬಟ್ಟೆಯನ್ನೂ ತಪಾಸಣೆ ಮಾಡುವುದು ಅವಳ ಉದ್ಯೋಗ.

"ಅಜ್ಜೀ! ಇಲ್ಲಿ ಸುಕ್ಕಿದೆ!"

"ಎಲ್ಲಿ ಮಹಾರಾಯ್ತಿ?"

"ಇಲ್ಲಿ! ಕಣ್ಣು ಕಾಣಲ್ವಾ?"

"ಕನ್ನಡಕ ನಿನ್ನ ಮೂಗಿನ ಮೇಲೆ ಕೂತಿದ್ರೆ ನನಗೆಲ್ಲಿ ಕಾಣ್ಬೇಕು!"

ಇಂಥ ಯಜಮಾನಿಗೆ ಒಂದು ಸಂಜೆ ಜ್ವರ ಬಂತು.

ಅಜ್ಜಿ ಹಣೆಯ ಮೇಲೆ ಕೈಯಿಟ್ಟು, "ಏನೂ ಇಲ್ಲ, ತಣ್ಣಗಿದೆ," ಎಂದು ತೀರ್ಪು ಕೊಟ್ಟಳು. ನಲವತ್ತು ವರ್ಷ ಕಾದ ಇಸ್ತ್ರಿ ಪೆಟ್ಟಿಗೆಯ ಜೊತೆ ಸಂಸಾರ ಮಾಡಿದ ಅಂಗೈ ಅದು. ಆ ಅಂಗೈಗೆ ಒಲೆಯಿಂದ ಇಳಿಸಿದ ಪಾತ್ರೆಯೂ ತಣ್ಣಗೇ. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಸೊಸೆ ಥರ್ಮಾಮೀಟರ್ ತಂದು ಮಗುವಿನ ಕಂಕುಳಲ್ಲಿಟ್ಟಳು. ನೂರೆರಡು. ಅಜ್ಜಿ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಇಷ್ಟು ವರ್ಷ ಉಂಡ ಮನೆಗೆ ದ್ರೋಹ ಮಾಡಿದ ಆಳನ್ನು ನೋಡುವ ಹಾಗೆ.

ಸೊಸೆ ಡಾಕ್ಟರಮ್ಮನಿಗೆ ಫೋನು ಮಾಡಿ, ಮಗುವಿನ ತೂಕ ಹೇಳಿ, ಎಷ್ಟು ಔಷಧಿ ಎಂದು ಕೇಳಿಕೊಂಡಳು. ಮರುದಿನ ರಜೆ ಹಾಕಿ ಮನೆಯಲ್ಲೇ ಇದ್ದಳು. ಮಧ್ಯಾಹ್ನ ಸ್ನಾನ ಮಾಡಿ ಬಂದವಳಿಗೆ ಹಾಸಿಗೆಯ ಮೇಲೆ ಒಂದು ಗುಡ್ಡ ಕಂಡಿತು.

"ಅತ್ತೆ, ಮಗು ಎಲ್ಲಿ?"

"ಒಳಗಿದೆ."

"ಯಾವುದರ ಒಳಗೆ?"

"ಮೂರನೇ ಕಂಬಳಿ ಒಳಗೆ."

ಸೊಸೆ ಹೌಹಾರಿ ಈರುಳ್ಳಿ ಸುಲಿದ ಹಾಗೆ ಕಂಬಳಿಗಳನ್ನು ಸುಲಿದಳು. ಕೊನೆಗೆ ಬೆಂದ ಟೊಮೆಟೊದಂಥ ಯಜಮಾನಿ ಹೊರಬಂದಳು.

"ಜ್ವರ ಬೆವರಿನಲ್ಲಿ ಇಳಿದು ಹೋಗ್ಬೇಕು ಕಣೇ! ಹೊದಿಸದೆ ಗಾಳಿಗೆ ಒಣಹಾಕ್ತಾರಾ?"

"ಅತ್ತೆ, ನಿಮ್ಮ ಇಸ್ತ್ರಿ ಪೆಟ್ಟಿಗೆ ಆರಬೇಕಾದ್ರೆ ಅದಕ್ಕೆ ಮೂರು ಕಂಬಳಿ ಹೊದಿಸ್ತೀರಾ?"

ಸೊಸೆ ಅಜ್ಜಿಯ ಕಸುಬಿನಿಂದಲೇ ಕಲ್ಲು ತೆಗೆದು ಅಜ್ಜಿಗೇ ಹೊಡೆದದ್ದು ನುಂಗಲಾರದ ತುತ್ತಾಯಿತು. ಆದರೂ ಮನಸ್ಸಿನ ಮೂಲೆಯಲ್ಲಿ, 'ಭಲೇ, ನನ್ನ ಸೊಸೆ,' ಎಂದೂ ಅನ್ನಿಸಿತು. ಮಗುವಿಗೆ ಒಂದು ತೆಳು ಅಂಗಿ ಹಾಕಿ, ತಾನೇ ಕಿಟಕಿ ತೆರೆದಳು.

ಅದರ ಮಾರನೆಯ ದಿನ ಸೊಸೆಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಏಳಕ್ಕೆ ಮಗು ಎದ್ದು ಉಚ್ಚೆ ಹೊಯ್ದಿತು. ಏಳೂವರೆಗೆ ತಾಯಿ ಔಷಧಿ ಕುಡಿಸಿದಳು. ಚಪ್ಪಲಿ ಮೆಟ್ಟುತ್ತಾ, "ಆರು ತಾಸು ಕಳೆಯೋವರೆಗೆ ಇನ್ನೊಂದು ಸಲ ಔಷಧಿ ಬೇಡ ಅತ್ತೆ. ಘಳಿಗೆಗೊಂದು ಗುಟುಕು ಏನಾದ್ರೂ ಕುಡಿಸ್ತಾ ಇರಿ. ಕಾರ್ಖಾನೆ ಒಳಗೆ ಫೋನು ಬಿಡಲ್ಲ. ಏನಾದ್ರೂ ಅನ್ನಿಸಿದ್ರೆ ನನ್ನ ಕೇಳೋಕೆ ಕಾಯಬೇಡಿ. ನೀವಿದ್ದೀರಿ ಅನ್ನೋ ಧೈರ್ಯಕ್ಕೇ ನಾನು ಹೋಗ್ತಿರೋದು," ಎಂದಳು.

ಗಾಬರಿ ಇಲಾಖೆಯ ಮೇಲೆ ಒಬ್ಬರಿಗೆ ಧೈರ್ಯ! ಅಜ್ಜಿಯ ಕಣ್ಣು ಒದ್ದೆಯಾಯಿತು. ಇವತ್ತು ಲೆಕ್ಕ ಎಂದರೆ ಲೆಕ್ಕ ಎಂದು ಸೊಂಟ ಕಟ್ಟಿದಳು.

ಕಾಗದದ ಮೇಲೆ ಅವಳಿಗೆ ನಂಬಿಕೆಯಿಲ್ಲ. ಕಾಗದ ಹಾರುತ್ತದೆ, ಹರಿಯುತ್ತದೆ, ಯಜಮಾನಿಯ ಕೈಗೆ ಸಿಕ್ಕರೆ ದೋಣಿಯಾಗುತ್ತದೆ. ಬಟ್ಟೆ ಹಾಗಲ್ಲ. ಇಸ್ತ್ರಿ ಮೇಜಿನ ತುದಿಯಲ್ಲಿ ಹಾಸುಬಟ್ಟೆಗೆಂದು ಇಟ್ಟಿದ್ದ ಹಳೆಯ ಬಿಳಿ ಹೊದಿಕೆಯ ತುಂಡು ಚೌಕವಾಗಿ ಮಡಿಚಿಕೊಂಡು ಬಿದ್ದಿರುತ್ತದೆ. ಆ ಬೆಳಿಗ್ಗೆ ಎರಡು ಮನೆಯ ಒಗೆದ ಬಟ್ಟೆಗಳೂ ಅಲ್ಲೇ ಇದ್ದವು. ಕನ್ನಡಕ ಹಾಕಿಕೊಳ್ಳೋಣವೆಂದರೆ ಅದು ಮಗುವಿನ ಮುಷ್ಟಿಯಲ್ಲಿ. ಜ್ವರದಲ್ಲೂ ಬಿಟ್ಟಿರಲಿಲ್ಲ. ಬಿಡಿಸಿಕೊಳ್ಳಲು ಹೋದರೆ ತುಟಿ ನಡುಗಿತು. "ಇಟ್ಕೋ ನನ್ನವ್ವ, ಇಟ್ಕೋ," ಎಂದು ಅಜ್ಜಿ ತಡಕಾಡಿ ಬಿಳಿ ಬಟ್ಟೆಯನ್ನು ಎಳೆದುಕೊಂಡು, ಮಸಿಕಡ್ಡಿ ಹಿಡಿದು ಕೂತಳು.

ಮೇಲೆ ಗಡಿಯಾರದ ಅಂಕಿ, ಕೆಳಗೆ ಗುರುತು. ಜ್ವರಕ್ಕೆ ದೀಪದ ಕುಡಿ, ಪಕ್ಕದಲ್ಲಿ ಥರ್ಮಾಮೀಟರಿನ ಅಂಕಿ (ಅದನ್ನು ತೋಳು ಚಾಚಿ ದೂರ ಹಿಡಿದರೆ ಅವಳಿಗೆ ಕಾಣುತ್ತಿತ್ತು). ಕುಡಿದ ಗುಟುಕಿಗೆ ಸುನ್ನೆ. ಕೊಟ್ಟರೂ ಬೇಡವೆಂದರೆ ಅಡ್ಡಗೀಟು. ಔಷಧಿಗೆ ಉದ್ದಗೀಟು. ಉಚ್ಚೆಗೆ ಒಂದು ದಪ್ಪ ಹನಿ.

ಏಳು ಗಂಟೆಯ ಕೆಳಗೆ ದಪ್ಪ ಹನಿ ಬಿತ್ತು. ಎಂಟಕ್ಕೆ ನೂರೆರಡು, ಎರಡು ಸುನ್ನೆ. ಹತ್ತಕ್ಕೆ ಒಂದೇ ಸುನ್ನೆ, ಎರಡು ಅಡ್ಡಗೀಟು. ಹನ್ನೊಂದಕ್ಕೆ ಅಡ್ಡಗೀಟು, ಅಡ್ಡಗೀಟು, ಅಡ್ಡಗೀಟು. ನೀರಿಗೆ ಬೇಡ, ಹಾಲಿಗೆ ಬೇಡ, ಹಣ್ಣಿನ ರಸಕ್ಕೂ ಬೇಡ. ಅಜ್ಜಿ ಆನೆಯಾದಳು, ಕುದುರೆಯಾದಳು, ಚಮಚವನ್ನು ವಿಮಾನ ಮಾಡಿ ಹಾರಿಸಿದಳು. ಬಾಯಿಯೆಂಬ ನಿಲ್ದಾಣದ ಬಾಗಿಲು ತೆರೆಯಲಿಲ್ಲ. ಒಂದೂವರೆಗೆ ನೂರಮೂರು. ಆರು ತಾಸು ಕಳೆದಿತ್ತು. ಸೊಸೆ ತೋರಿಸಿದ ಗೆರೆಯವರೆಗೆ ಅಳೆದು ಔಷಧಿ ಕುಡಿಸಿ ಉದ್ದಗೀಟು ಹಾಕಿದಳು.

ಮೂರಕ್ಕೆ ಬಸ್ ನಿಲ್ದಾಣದಿಂದ ಮಗ ಫೋನು ಮಾಡಿದ.

"ಹೆಂಗಿದೆ ಅಮ್ಮಾ?"

"ಜ್ವರ ಇಳಿದಿದೆ ಕಣೋ. ನೂರು ಚಿಲ್ಲರೆ. ಆದ್ರೆ..."

"ಇಳೀತಲ್ಲ! ಮತ್ತೇನು ಆದ್ರೆ? ಸುಮ್ನೆ ಮಲಗಿಸು. ಗಾಬರಿ ಇಲಾಖೆಗೆ ಇವತ್ತು ರಜೆ ಕೊಡು, ಪುಣ್ಯ ಬರುತ್ತೆ."

ಫೋನಿಟ್ಟು ಅಜ್ಜಿ ಬಟ್ಟೆಯನ್ನು ನೋಡಿದಳು. ದೀಪದ ಕುಡಿ ಚಿಕ್ಕದಾಗಿದೆ, ಸರಿ. ಆದರೆ ಸುನ್ನೆಗಳು ಬೆಳಿಗ್ಗೆಯೇ ನಿಂತಿವೆ. ಹನಿ? ಏಳು ಗಂಟೆಯ ಒಂಟಿ ಹನಿ ಬಿಟ್ಟರೆ ಎಂಟು ತಾಸಿನಿಂದ ಬಟ್ಟೆ ಒಣಗಿಕೊಂಡೇ ಇದೆ. ಚಡ್ಡಿಯೂ ಒಣಗಿಕೊಂಡೇ ಇದೆ. ಹೋಗಲೇ? ಹೋಗಿ, ಮತ್ತೆ ಏನೂ ಇಲ್ಲವೆಂದಾದರೆ? ನಗು ಮುನ್ನೂರ ಒಂದಾಗುತ್ತದೆ. ಹೋಗದೆ, ಏನಾದರೂ ಇದ್ದರೆ? ಆ ಯೋಚನೆಯನ್ನು ಅಜ್ಜಿ ಪೂರ್ತಿ ಮಾಡಲಿಲ್ಲ.

ಆಗ ಅವಳಿಗೆ ಒಂದು ಪರೀಕ್ಷೆ ಹೊಳೆಯಿತು. ವಕೀಲರ ಬಿಳಿ ಅಂಗಿಯೊಂದನ್ನು ಮಗುವಿನ ಹಾಸಿಗೆಯ ಪಕ್ಕಕ್ಕೇ ತಂದು, ಎದೆಯ ಮೇಲೆ, ಜೇಬಿನ ಪಕ್ಕದಲ್ಲಿ, ಕುರುಡರಿಗೂ ಕಾಣುವಂಥ ಸುಕ್ಕು ಬಿಟ್ಟು ಇಸ್ತ್ರಿ ಮಾಡಿದಳು. ಕಸುಬಿಗೆ ಬಂದ ಮೇಲೆ ಬೇಕೆಂದೇ ಬಿಟ್ಟ ಮೊದಲ ಸುಕ್ಕು. ಅಂಗಿಯನ್ನು ಮಗುವಿನ ಕಣ್ಣ ಮುಂದೆ ಹಿಡಿದಳು.

"ಯಜಮಾನೀ, ನೋಡಿ ಇಲ್ಲಿ. ಚೆನ್ನಾಗಿ ಬಂದಿದೆಯಾ?"

ಮಗು ಕಣ್ಣು ತೆರೆಯಿತು. ಸುಕ್ಕನ್ನು ನೋಡಿತು. ಒಣಗಿದ ತುಟಿಯನ್ನು ಒಣಗಿದ ನಾಲಗೆಯಿಂದ ಸವರಿಕೊಂಡಿತು.

"ಹ್ಞೂಂ," ಎಂದು ಕಣ್ಣು ಮುಚ್ಚಿತು.

ಅಜ್ಜಿ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಬಟ್ಟೆಯ ಮೇಲೆ ಮೂರು ಗಂಟೆಯ ಕೆಳಗೆ ಒಂದು ಡೊಂಕುಗೀಟು ಎಳೆದು ಅದರ ಮೇಲೆ ದೊಡ್ಡ ಅಡ್ಡಗೀಟು ಹಾಕಿದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಮಗನ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು.

ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವಾಕೆ ದೂರದಿಂದಲೇ ನಕ್ಕಳು. "ಏನಜ್ಜಿ, ಇವತ್ತು ಬಿಕ್ಕಳಿಕೆನಾ, ಬಣ್ಣನಾ?"

"ಸುಕ್ಕು."

"ಸುಕ್ಕಾ?"

"ಸುಕ್ಕು ಹಿಡೀಲಿಲ್ಲ ಕಣಮ್ಮ ಮಗು! ಎಂಟು ತಾಸಿನಿಂದ ಉಚ್ಚೆ ಹೊಯ್ದಿಲ್ಲ. ಮೊದಲು ಒಳಗೆ ಬಿಡು!"

ಚೀಟಿಯಾಕೆ ಮಗುವಿನ ಮುಖ ನೋಡಿದಳು. ನಗು ನಿಂತಿತು. ಸಾಲನ್ನು ಸರಿಸಿ ನೇರ ಒಳಗೆ ಬಿಟ್ಟಳು.

ಡಾಕ್ಟರಮ್ಮ ಬಾಯಿ ತೆರೆಸಿ ನೋಡಿದರು, ಉಸಿರು ಎಣಿಸಿದರು, ಕುತ್ತಿಗೆ ಬಾಗಿಸಿದರು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. "ಎಷ್ಟು ಹೊತ್ತಿನಿಂದ ಹೀಗೆ?" ಎಂದು ಕೇಳುವಷ್ಟರಲ್ಲಿ ಅಜ್ಜಿ ಮಡಿಸಿದ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟು, ಗುರುತುಗಳ ಮೇಲೆ ಬೆರಳು ಓಡಿಸುತ್ತಾ ತನ್ನ ಲಿಪಿಯನ್ನು ಓದಿ ಹೇಳಿದಳು. ಮೊದಲ ಸಲ ಅವಳ ಮಾತಿನಲ್ಲಿ "ಅಯ್ಯೋ" ಎಂಬ ಶಬ್ದವೇ ಬರಲಿಲ್ಲ.

"ಈ ಕೊನೆಯ ಗುರುತು ಏನಜ್ಜಿ?"

"ಅಂಗೀಲಿ ಸುಕ್ಕು ಬಿಟ್ಟು ತೋರಿಸ್ದೆ. ಬೈಲಿಲ್ಲ. ಜ್ವರ ಇಳಿದ ಮೇಲೂ ಬೈಲಿಲ್ಲ. ನೂರಮೂರು ಇದ್ದಾಗ ನಾನು ಹೆದರಲಿಲ್ಲ ತಾಯಿ. ಬೈಲಿಲ್ಲ ನೋಡಿ, ಆಗ ಹೆದರಿದೆ."

ಡಾಕ್ಟರಮ್ಮ ಆ ಗುರುತಿನ ಮೇಲೆ ಬೆರಳಿಟ್ಟರು. "ನಾನು ಓದಿದ ಯಾವ ಪುಸ್ತಕದಲ್ಲೂ ಈ ಪರೀಕ್ಷೆ ಇರಲಿಲ್ಲ. ಸರಿಯಾದ ಹೊತ್ತಿಗೆ ಬಂದ್ರಿ ಅಜ್ಜಿ. ಗಂಟಲು ಕೆಂಪಗೆ ಊದಿದೆ, ನುಂಗೋಕೆ ನೋವು. ಅದಕ್ಕೇ ಕುಡೀತಿಲ್ಲ. ಮೈಯಲ್ಲಿ ನೀರು ಕಮ್ಮಿಯಾಗ್ತಿದೆ. ರಾತ್ರಿವರೆಗೂ ಕಾದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸಿ ಡ್ರಿಪ್ ಹಾಕಿಸಬೇಕಾಗಿತ್ತು. ಈಗ ಇಲ್ಲೇ ಕೂರಿ. ಈ ಉಪ್ಪು-ಸಕ್ಕರೆ ನೀರು ಎರಡು ನಿಮಿಷಕ್ಕೊಂದು ಚಮಚ. ಉಗುಳಿದ್ರೂ ಸರಿ, ಬಿಡಬೇಡಿ."

ಅಜ್ಜಿ ಬಿಡಲಿಲ್ಲ. ಗೋಡೆ ಗಡಿಯಾರದ ಮುಳ್ಳಿಗೆ ಕಣ್ಣು ನೆಟ್ಟು ಚಮಚದ ಮೇಲೆ ಚಮಚ. ಮೊದಲಿನ ಐದು ಕೆನ್ನೆಯ ಮೇಲೆ ಹರಿದವು. ಆರನೆಯದು ಒಳಗೆ ಹೋಯಿತು. ಇಪ್ಪತ್ತನೆಯದಕ್ಕೆ ಮಗು ತಾನೇ ಬಾಯಿ ತೆರೆಯಿತು. ಐದು ಗಂಟೆಯ ಹೊತ್ತಿಗೆ ಮುಷ್ಟಿಯಲ್ಲಿದ್ದ ಕನ್ನಡಕವನ್ನು ಮೂಗಿಗೇರಿಸಿ ಸುತ್ತ ನೋಡಿ, ಅಜ್ಜಿ ಕೂತಿದ್ದ ಮಂಚದ ಹೊದಿಕೆಯನ್ನು ಬೆರಳಿನಿಂದ ತಟ್ಟಿತು.

"ಅಜ್ಜೀ... ಇಲ್ಲಿ ಸುಕ್ಕಿದೆ."

ಅಜ್ಜಿ ಗೊಳೋ ಎಂದು ಅತ್ತುಬಿಟ್ಟಳು. ಅಳುವಿನ ನಡುವೆಯೇ ಇನ್ನೊಂದು ಶುಭವಾರ್ತೆ ತೊಡೆಯ ಮೇಲೆ ಬೆಚ್ಚಗೆ ಹರಿಯಿತು.

"ಡಾಕ್ಟರಮ್ಮಾ! ಹೊಯ್ದಳು! ಹೊಯ್ದುಬಿಟ್ಟಳು!" ಎಂದು ಅಜ್ಜಿ ಕೂಗಿದ ಕೂಗು ಚೀಟಿಯಾಕೆಗೂ, ಸಾಲಿನಲ್ಲಿದ್ದವರಿಗೂ, ಬೀದಿಯಲ್ಲಿ ಹೋಗುತ್ತಿದ್ದವರಿಗೂ ಕೇಳಿಸಿತು.

ಇಂಥ ಹನಿಯನ್ನು ಲೆಕ್ಕಕ್ಕೆ ಹಾಕದಿದ್ದರೆ ಹೇಗೆ? ಮಸಿಕಡ್ಡಿ, ಮಸಿ ಶೀಶೆ ಎರಡೂ ಸೊಂಟದ ಚೀಲದಲ್ಲೇ ಇದ್ದವು. ಮೇಲಿನ ಮಡಿಕೆ ತುಂಬಿದ್ದರಿಂದ ಖಾಲಿ ಜಾಗ ಹುಡುಕಲು ಅಜ್ಜಿ ಬಟ್ಟೆಯನ್ನೆತ್ತಿ ಫಟ್ಟೆಂದು ಕೊಡವಿದಳು.

ಬಟ್ಟೆಯಿಂದ ಎರಡು ತೋಳುಗಳು ಇಳಿಬಿದ್ದವು.

ಆಮೇಲೆ ಒಂದು ಜೇಬು. ಆಮೇಲೆ ಗುಂಡಿಗಳು. ಕೊನೆಗೆ ಕಾಲರು ಮಗುಚಿಕೊಂಡಿತು. ಮಗುವಿನ ಮೂಗಿನಿಂದ ಕನ್ನಡಕ ತೆಗೆದು ಹಾಕಿಕೊಂಡ ಅಜ್ಜಿಗೆ, ಕಾಲರಿನ ಒಳಗೆ ಗಂಡ ಕಂಡುಹಿಡಿದ ಗುರುತು ಕಣ್ಣಿಗೆ ಹೊಡೆದಂತೆ ಕಂಡಿತು: ಒಂದು ಸುನ್ನೆ, ಅದರೊಳಗೆ ಗೀಟು.

ಅಜ್ಜಿ ಕೋಟನ್ನು ನೋಡಿದಳು. ಕೋಟಿಲ್ಲದೆ ನಿಂತಿದ್ದ ಡಾಕ್ಟರಮ್ಮನನ್ನು ನೋಡಿದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಅಜ್ಜಿ," ಎಂದರು ಡಾಕ್ಟರಮ್ಮ ನಿಧಾನವಾಗಿ, "ನಾಳೆ ಕಾರ್ಯಕ್ರಮಕ್ಕೆ ಅಂತ ಒಗೆಯೋಕೆ ಕಳಿಸಿದ ಹೊಸ ಕೋಟು ಅಲ್ವಾ ಅದು?"

"ಒಗೆದಿದ್ದೀನಿ ತಾಯಿ," ಎಂದಳು ಅಜ್ಜಿ, ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಈ ಮಸಿ..."

ನೂರು ಒಗೆತದ ಮಾತನ್ನು ಡಾಕ್ಟರಮ್ಮನಿಗೆ ಎದೆ ತಟ್ಟಿ ಹೇಳಿದ್ದು ಅವಳ ಗಂಡನೇ. ಅಜ್ಜಿ ಮುಖ ಬಚ್ಚಿಟ್ಟುಕೊಳ್ಳಲು ಹೋದರೆ ಕೈಯಲ್ಲಿದ್ದದ್ದು ಅದೇ ಕೋಟು.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಒರೆಸಿದರು, ಒರೆಸಿದರು, ಕೊನೆಗೆ ತಡೆಯಲಾರದೆ ಮೇಜು ಹಿಡಿದುಕೊಂಡು ನಕ್ಕರು. "ಅದಿರಲಿ, ಆ ಹನಿ ಹಾಕಿಬಿಡಿ ಅಜ್ಜಿ. ಅದಿಲ್ಲದೆ ಲೆಕ್ಕ ಮುಗಿಯೋದಿಲ್ಲ."

ಅಜ್ಜಿ ಡಾಕ್ಟರಮ್ಮನ ಬೆನ್ನು ಬರಬೇಕಾದ ಜಾಗದ ನಟ್ಟನಡುವೆ, ಐದು ಗಂಟೆಯ ಕೆಳಗೆ ದಪ್ಪನೆಯ ಹನಿಯೊಂದನ್ನು ಹಾಕಿದಳು. ತನ್ನ ಜನ್ಮದಲ್ಲೇ ಅವಳು ಅಷ್ಟು ಚೆಂದದ ಗುರುತು ಹಾಕಿರಲಿಲ್ಲ.

ಸಂಜೆ ಮಗ ಬಂದು ಸಂಗತಿ ತಿಳಿದು, ತಾಯಿಯ ಕಾಲ ಬಳಿ ಕೂತ. ಮಗಳ ಕಾಲನ್ನು ಒಂದು ಕೈಯಲ್ಲೂ ತಾಯಿಯ ಕಾಲನ್ನು ಇನ್ನೊಂದು ಕೈಯಲ್ಲೂ ಹಿಡಿದಿದ್ದ. ಆಮೇಲೆ, "ನನ್ನ ಇನ್ನೊಂದು ಚಪ್ಪಲಿ ಎಲ್ಲಮ್ಮಾ?" ಎಂದ. ಸೊಸೆ ಮಾತ್ರ ಕಾರ್ಖಾನೆಯ ಟೋಪಿಯನ್ನೂ ತೆಗೆಯದೆ ಅತ್ತೆಯನ್ನು ತಬ್ಬಿಕೊಂಡಳು. ವಕೀಲರು ಮೂರು ದಿನ ಬಿಟ್ಟು ಬಂದು, ಎದೆಯ ಮೇಲೆ ಸುಕ್ಕು ಹೊತ್ತುಕೊಂಡು ವಾದಿಸಬೇಕಾಯಿತೆಂದು ರೇಗಾಡಿದರು. ಅಜ್ಜಿ ಅವರ ಆ ಅಂಗಿಗೆ ಕೈಮುಗಿದು, ಇನ್ನೊಮ್ಮೆ ಇಸ್ತ್ರಿ ಮಾಡಿಕೊಟ್ಟಳು.

ಕೋಟನ್ನು ಅಜ್ಜಿ ನಿಂಬೆಹುಳಿಯಲ್ಲಿ ಉಜ್ಜಿದಳು, ಸೋಡಾ ಹಾಕಿ ಕುದಿಸಿದಳು, ಹನ್ನೊಂದು ಸಲ ಒಗೆದಳು. ಬಿಳಿ ಇನ್ನಷ್ಟು ಬಿಳಿಯಾಗಿ ಗುರುತುಗಳು ಇನ್ನಷ್ಟು ಕಪ್ಪಾಗಿ ಕಂಡವು. ಗಂಡನ ಮಸಿಯನ್ನು ಅವಳು ಬೈದದ್ದು ಅದೇ ಮೊದಲು. ಬೈಯುತ್ತಲೇ ನಕ್ಕಳು. ಮೊಮ್ಮಗಳ ಪ್ರಾಣದ ಲೆಕ್ಕ ಬರೆದದ್ದೂ ಅದೇ ಮಸಿಯಲ್ಲವೇ?

ಡಾಕ್ಟರಮ್ಮ ಅದನ್ನು ಹಾಗೇ ತೆಗೆದುಕೊಂಡು ಹೋಗಿ, ರೋಗಿಗಳು ಕೂರುವ ಕೋಣೆಯ ಗೋಡೆಗೆ ಬೆನ್ನು ಮುಂದಾಗಿ ತೂಗುಹಾಕಿದರು. ಜ್ವರದ ಮಗುವನ್ನೆತ್ತಿಕೊಂಡು ಗಾಬರಿಯಿಂದ ಬರುವ ತಾಯಂದಿರಿಗೆ, "ಹೀಗೆ ಲೆಕ್ಕ ಇಟ್ಕೊಂಡು ಬನ್ನಿ. ಆದ್ರೆ ಕಾಗದದ ಮೇಲೆ," ಎಂದು ತೋರಿಸುತ್ತಾರೆ. ಧೂಳು ಕೂತಾಗಲೆಲ್ಲ ಅದು ಒಗೆತಕ್ಕೂ ಇಸ್ತ್ರಿಗೂ ಅಜ್ಜಿಯ ಬಳಿಗೇ ಬರುತ್ತದೆ.

ಅಂದು ಮಾತ್ರ ಅಜ್ಜಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು, ಬೇಗ ಬೇಗ ಇಸ್ತ್ರಿ ಎಳೆದು ಮಡಿಸಿಡಲು ನೋಡುತ್ತಾಳೆ. ಆಗುವುದಿಲ್ಲ. ಕನ್ನಡಕ ಏರಿಸಿಕೊಂಡ ಯಜಮಾನಿ ಕೋಟನ್ನು ಎಳೆದುಕೊಂಡು ಹೊರಗಿನ ಮೆಟ್ಟಿಲಿಗೇ ಓಡುತ್ತಾಳೆ. ಗಿರಾಕಿಗಳ ಮುಂದೆ ಅದನ್ನು ಹರವಿ, ಐದು ಗಂಟೆಯ ಹನಿಯ ಮೇಲೆ ಬೆರಳಿಟ್ಟು, ಇಡೀ ಬೀದಿಗೆ ಕೇಳುವಂತೆ ಸಾರುತ್ತಾಳೆ:

"ಇದು ನಾನು ಹೊಯ್ದದ್ದು! ಅಜ್ಜಿ ಡಾಕ್ಟರಮ್ಮನ ಕೋಟಿಗೆ ಹಾಕಿದ್ದು!"